ತವರಿಗೊಂದು ವೀಸಾ

‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂಬ ಗಾದೆಯೊಂದು ಕನ್ನಡದಲ್ಲಿದೆ. ಗಾದೆ ಹೀಗೆ ಹೇಳಿದರೂ ನಮ್ಮ ಊರುಗಳಲ್ಲಿ ಯಾವ ತವರೂ ಅದನ್ನು ಪೂರ್ತಿಯಾಗಿ ಒಪ್ಪಿಕೊಂಡಿಲ್ಲ. ಚೊಚ್ಚಲ ಹೆರಿಗೆಗೆ ಮಗಳು ಬರುತ್ತಾಳೆ, ಹಬ್ಬಕ್ಕೆ ಬರುತ್ತಾಳೆ, ತಂದೆ ಹಾಸಿಗೆ ಹಿಡಿದರೆಂದು ಕೇಳಿದರೆ ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿ ಬಂದುಬಿಡುತ್ತಾಳೆ. ಆದರೆ ಭಾರತ ಮತ್ತು ಪಾಕಿಸ್ತಾನಗಳ ನಡುವೆ ಮದುವೆಯಾದ ಹೆಣ್ಣಿನ ಪಾಲಿಗೆ ಈ ಗಾದೆ ಕಾನೂನೇ ಆಗಿಬಿಟ್ಟಿದೆ. ಹಳೆಯ ಪಾಸ್‌ಪೋರ್ಟನ್ನು ಉಳಿಸಿಕೊಂಡರೆ ಗಂಡನ ಮನೆಯಲ್ಲಿ ಇರಲು ಅವಳಿಗೆ ಸರಕಾರದ ಅನುಮತಿ ಬೇಕು. ಗಂಡನ ದೇಶದ ಪೌರತ್ವ ಪಡೆದರೆ ತವರಿಗೆ ಹೋಗಲು ಇನ್ನೊಂದು ಸರಕಾರದ ಅನುಮತಿ ಬೇಕು. ಎರಡು ಮನೆಗಳಲ್ಲಿ ಯಾವುದಾದರೂ ಒಂದರ ಹೊಸ್ತಿಲಲ್ಲಿ ಅವಳು ಸದಾ ಅರ್ಜಿದಾರಳಾಗಿಯೇ ನಿಂತಿರಬೇಕು.

ಎರಡು ದೇಶಗಳ ಜಗಳದಲ್ಲಿ ಯಾರದು ಸರಿ, ಯಾರದು ತಪ್ಪು ಎಂಬ ಪಂಚಾಯಿತಿಕೆ ಬೇರೆ ಕಡೆ ಸಾಕಷ್ಟು ನಡೆಯುತ್ತಿದೆ. ಅದನ್ನು ಇಲ್ಲಿ ಮುಂದುವರಿಸುವ ಉದ್ದೇಶ ನಮಗಿಲ್ಲ. ನಮ್ಮ ಪ್ರಶ್ನೆ ಇಷ್ಟೆ: ಪರದೇಶದವರನ್ನು ಒಳಗೆ ಬಿಡುವ, ಬಿಡದಿರುವ ಅಧಿಕಾರ ಪ್ರತಿಯೊಂದು ರಾಷ್ಟ್ರಕ್ಕೂ ಇದೆ ಎಂದು ಒಪ್ಪಿಕೊಂಡ ಮೇಲೆ, ಆ ‘ಪರದೇಶದವರು’ ಒಂದು ಮನೆಯ ಸೊಸೆಯೋ ಒಂದು ಮಗುವಿನ ತಾಯಿಯೋ ಆಗಿದ್ದಾಗ ಆ ಅಧಿಕಾರಕ್ಕೊಂದು ಮಿತಿ ಇರಬೇಕೆ, ಬೇಡವೆ?

ಇದು ಮುಸ್ಲಿಮರ ಸಮಸ್ಯೆ ಮಾತ್ರ ಎಂದು ಭಾವಿಸುವವರಿದ್ದಾರೆ. ನಮ್ಮ ಕರಾವಳಿಯ ಭಟ್ಕಳದ ನವಾಯತರಿಗೆ ಕರಾಚಿಯಲ್ಲಿ ನೆಂಟರಿದ್ದಾರೆ, ಹೈದರಾಬಾದಿನ, ಲಖನೌದ, ಮಲಬಾರಿನ ಎಷ್ಟೋ ಕುಟುಂಬಗಳಿಗೂ ಇದ್ದಾರೆ. ಆದರೆ ಸಿಂಧ್ ಪ್ರಾಂತದ ಉಮರ್‌ಕೋಟ್, ಥಾರ್‌ಪಾರ್ಕರ್‌ಗಳ ಸೋಢಾ ರಜಪೂತರ ಕಷ್ಟ ಇದಕ್ಕಿಂತಲೂ ಬಿಗಿಯಾದುದು. ಅವರು ಹಿಂದೂಗಳು. ತಮ್ಮ ಕುಲದೊಳಗೆ ಮದುವೆಯಾಗುವುದು ಅವರಲ್ಲಿ ನಿಷಿದ್ಧ. ಆ ಸೀಮೆಯ ರಜಪೂತರಲ್ಲಿ ಹೆಚ್ಚಿನವರು ಸೋಢಾಗಳೇ ಆದುದರಿಂದ ಹೆಣ್ಣು, ಗಂಡು ಹುಡುಕಲು ಅವರು ರಾಜಸ್ಥಾನದ ಬಾಡ್ಮೇರ್, ಜೈಸಲ್ಮೇರ್, ಜೋಧಪುರಗಳ ಕಡೆ ನೋಡಲೇಬೇಕು. 1965ರ ಯುದ್ಧದಲ್ಲಿ ನಿಂತುಹೋದ ಮುನಾಬಾವ್–ಖೋಖ್ರಾಪಾರ್ ರೈಲು ದಾರಿಯಲ್ಲಿ 2006ರಲ್ಲಿ ಥಾರ್ ಎಕ್ಸ್‌ಪ್ರೆಸ್ ಓಡತೊಡಗಿದಾಗ ಅದರಲ್ಲಿ ದಿಬ್ಬಣಗಳೂ ಪ್ರಯಾಣಿಸಿದವು. 2019ರ ಆಗಸ್ಟ್‌ನಲ್ಲಿ ಆ ರೈಲೂ ನಿಂತಿತು, ಸಂಜೋತಾ ಎಕ್ಸ್‌ಪ್ರೆಸ್ಸೂ ನಿಂತಿತು. 2025ರ ಏಪ್ರಿಲ್‌ನಲ್ಲಿ ಬಾಡ್ಮೇರ್‌ನಿಂದ ಉಮರ್‌ಕೋಟ್‌ಗೆ ಹೊರಟಿದ್ದ ಮದುಮಗನೊಬ್ಬ ಅಟ್ಟಾರಿಯ ಗೇಟಿನಿಂದ ಹಿಂದಿರುಗಬೇಕಾಯಿತು. ಗಡಿಯಲ್ಲಿ ಕೇಳುವುದು ಪಾಸ್‌ಪೋರ್ಟನ್ನು, ನಂಬಿಕೆಯನ್ನಲ್ಲ.

ಹೆಣ್ಣು ಯಾವ ದೇಶಕ್ಕೆ ಸೇರಿದವಳು ಎಂಬುದನ್ನು ಅವಳನ್ನು ಬಿಟ್ಟು ಉಳಿದವರೆಲ್ಲ ತೀರ್ಮಾನಿಸುವ ಪದ್ಧತಿ ಈ ಎರಡು ರಾಷ್ಟ್ರಗಳ ಜೊತೆಯಲ್ಲೇ ಹುಟ್ಟಿತು. ವಿಭಜನೆಯ ಗಲಭೆಯಲ್ಲಿ ಅಪಹೃತರಾದ ಹೆಂಗಸರನ್ನು ಹುಡುಕಿ ಅವರವರ ದೇಶಕ್ಕೆ ಒಪ್ಪಿಸಬೇಕೆಂದು ಎರಡೂ ಸರಕಾರಗಳು 1947ರ ಡಿಸೆಂಬರ್‌ನಲ್ಲಿ ಒಪ್ಪಂದ ಮಾಡಿಕೊಂಡವು. ಅದಕ್ಕಾಗಿ ಭಾರತ 1949ರಲ್ಲಿ ಕಾಯಿದೆಯನ್ನೂ ಮಾಡಿತು. ಎಂಟು ವರ್ಷಗಳಲ್ಲಿ ಎರಡೂ ಕಡೆ ಸೇರಿ ಸುಮಾರು 30,000 ಹೆಂಗಸರನ್ನು ಹೀಗೆ ‘ಮರಳಿ ಪಡೆಯಲಾಯಿತು’. ನರಕದಿಂದ ಪಾರಾದವರು ಅವರಲ್ಲಿ ಅಸಂಖ್ಯ, ಆ ಕೆಲಸದಲ್ಲಿ ದುಡಿದವರ ಋಣ ದೊಡ್ಡದು. ಆದರೆ ಅಷ್ಟರಲ್ಲಿ ಹೊಸ ಮನೆಯಲ್ಲಿ ಬೇರು ಬಿಟ್ಟು, ಮಕ್ಕಳನ್ನು ಹೆತ್ತು, ‘ನಾನು ಬರಲಾರೆ’ ಎಂದು ಅತ್ತವರೂ ಅವರಲ್ಲಿದ್ದರು. ಅವರ ಮಾತಿಗೆ ಆ ಕಾಯಿದೆಯಲ್ಲಿ ಬೆಲೆಯಿರಲಿಲ್ಲ. ಹೆಣ್ಣಿನ ವಯಸ್ಸು ಎಷ್ಟೇ ಆಗಿರಲಿ, ಅವಳು ಎಲ್ಲಿರಬೇಕೆಂಬುದನ್ನು ಅವಳು ಹುಟ್ಟಿದ ಧರ್ಮ ಹೇಳುತ್ತಿತ್ತು.

ಅದೇ ಕಾಲದ ಇನ್ನೊಂದು ಪ್ರಕರಣ ಸುಪ್ರೀಂ ಕೋರ್ಟಿನ ದಾಖಲೆಯಲ್ಲಿದೆ. ಬಿಹಾರದ ಗಯಾ ಜಿಲ್ಲೆಯಲ್ಲಿ ಹುಟ್ಟಿ, ಅಲ್ಲಿನ ಒಂದು ಜಮೀನ್ದಾರಿ ಮನೆತನಕ್ಕೆ ಮದುವೆಯಾಗಿದ್ದ ಮಹಿಳೆ 1948ರ ಜುಲೈನಲ್ಲಿ ಕರಾಚಿಗೆ ಹೋದರು. ಗಂಡ ಭಾರತದಲ್ಲೇ ಇದ್ದರು. ಹೆಂಡತಿಯ ನೆಲೆ ಗಂಡನ ನೆಲೆಯೇ ಆದುದರಿಂದ ಆಕೆ ಭಾರತೀಯಳೇ ಎಂಬ ವಾದವನ್ನು ನ್ಯಾಯಾಲಯ 1955ರಲ್ಲಿ ಒಪ್ಪಲಿಲ್ಲ. ಸಂವಿಧಾನದ 7ನೇ ವಿಧಿಯ ಪ್ರಕಾರ ಆಕೆ ಪಾಕಿಸ್ತಾನಕ್ಕೆ ವಲಸೆ ಹೋದವರೆಂದು ತೀರ್ಪಾಯಿತು. ಹೆಂಗಸಿಗೆ ತನ್ನದೇ ನೆಲೆ ಇಲ್ಲ ಎಂದು ಸಾಮಾನ್ಯವಾಗಿ ನಂಬಿದ್ದ ಕಾನೂನು, ಅವಳನ್ನು ಹೊರಗಿಡಬೇಕಾದಾಗ ಮಾತ್ರ ಅವಳಿಗೆ ಸ್ವಂತ ಕಾಲುಗಳಿವೆ ಎಂದು ಒಪ್ಪಿಕೊಂಡಿತು.

ಗಾಯ ಹಸಿಯಾಗಿದ್ದಾಗ ಕಾನೂನು ಕಠಿಣವಾಗಿತ್ತು, ಕಾಲ ಕಳೆದಂತೆ ಮೃದುವಾಯಿತು ಎಂದುಕೊಂಡರೆ ಅದೂ ಸರಿಯಲ್ಲ. 1955ರ ಪೌರತ್ವ ಕಾಯಿದೆಯ 5ನೇ ಕಲಮು ಭಾರತೀಯ ಪ್ರಜೆಯನ್ನು ‘ಮದುವೆಯಾಗಿರುವ ಅಥವಾ ಮದುವೆಯಾಗಿದ್ದ’ ಹೆಂಗಸರಿಗೆ ನೋಂದಣಿಯ ಮೂಲಕ ಪೌರತ್ವದ ದಾರಿ ತೆರೆದಿತ್ತು. ಇಷ್ಟು ವರ್ಷ ವಾಸವಾಗಿರಬೇಕೆಂಬ ಷರತ್ತು ಆಗ ಇರಲಿಲ್ಲ. 1986ರ ತಿದ್ದುಪಡಿ ಈ ಅವಕಾಶವನ್ನು ಗಂಡಸರಿಗೂ ವಿಸ್ತರಿಸಿ, 5 ವರ್ಷಗಳ ವಾಸವನ್ನು ಕಡ್ಡಾಯ ಮಾಡಿತು. 2003ರ ತಿದ್ದುಪಡಿಯಲ್ಲಿ ಅದು 7 ವರ್ಷವಾಯಿತು. ಅದರ ಜೊತೆಗೆ ‘ಮದುವೆಯಾಗಿದ್ದ’ ಎಂಬ ಮಾತು ಸದ್ದಿಲ್ಲದೆ ಬಿದ್ದುಹೋಯಿತು. ಅಕ್ಷರಕ್ಕೆ ಅಂಟಿಕೊಂಡು ಓದಿದರೆ, ಅರ್ಜಿ ಹಾಕುವ ಮೊದಲೇ ಗಂಡ ತೀರಿಕೊಂಡರೆ ಈ ಬಾಗಿಲು ಮುಚ್ಚಿತೆಂದೇ ಅರ್ಥ. 2019ರ ತಿದ್ದುಪಡಿ ನೆರೆಯ ಮೂರು ದೇಶಗಳ ಕೆಲವು ಧರ್ಮದವರಿಗೆ ಪೌರತ್ವದ ದಾರಿಯನ್ನು ಹತ್ತಿರ ಮಾಡಿತು. ಮದುವೆಯ ದಾರಿ ಮಾತ್ರ ಇದ್ದಷ್ಟೇ ದೂರ ಉಳಿಯಿತು.

ಏಳು ವರ್ಷಗಳ ಲೆಕ್ಕವನ್ನು ಸ್ವಲ್ಪ ನೋಡೋಣ. ಅರ್ಜಿಗೆ ಮುಂಚಿನ 12 ತಿಂಗಳು ಅವಳು ಎಡೆಬಿಡದೆ ಭಾರತದಲ್ಲೇ ಇರಬೇಕು. ಅದಕ್ಕೂ ಹಿಂದಿನ 8 ವರ್ಷಗಳಲ್ಲಿ ಒಟ್ಟು 6 ವರ್ಷ ಇಲ್ಲಿದ್ದಿರಬೇಕು. ವಿಶೇಷ ಸಂದರ್ಭಗಳಲ್ಲಿ ಆ 12 ತಿಂಗಳಲ್ಲಿ ಹೆಚ್ಚೆಂದರೆ 30 ದಿನಗಳ ವಿನಾಯಿತಿ ಕೊಡಬಹುದೆಂದು 2015ರಲ್ಲಿ ಸೇರಿಸಲಾಯಿತು. ಕಾಗದದ ಮೇಲೆ ಇದು ಸಾಧುವಾದ ಲೆಕ್ಕವೇ. ಆದರೆ ಆ ಕೊನೆಯ ವರ್ಷದಲ್ಲೇ ಕರಾಚಿಯಲ್ಲಿ ಅವಳ ತಾಯಿ ಮರಣಶಯ್ಯೆಯಲ್ಲಿ ಮಲಗಿದರೆ? ಮಗಳು ತಾಯಿಯ ಉಸಿರನ್ನು ಎಣಿಸಬೇಕೋ, ಮೂವತ್ತು ದಿನಗಳನ್ನು ಎಣಿಸಬೇಕೋ? ಒಬ್ಬಳ ಮಮತೆಯನ್ನು ಅವಳ ನಿಷ್ಠೆಗೆ ವಿರುದ್ಧವಾಗಿ ತಕ್ಕಡಿಗೆ ಹಾಕುವ ಕಾನೂನು ಅವಳಿಂದ ಎಂಥ ಪ್ರಜೆಯನ್ನು ನಿರೀಕ್ಷಿಸುತ್ತಿದೆ?

ಗಡಿಯಾಚೆಯ ಕಾನೂನೂ ಇದಕ್ಕಿಂತ ಉದಾರವಾದುದಲ್ಲ. ಪಾಕಿಸ್ತಾನದ 1951ರ ಪೌರತ್ವ ಕಾಯಿದೆಯ 10ನೇ ಕಲಮು ಪಾಕಿಸ್ತಾನಿ ಗಂಡಸನ್ನು ಮದುವೆಯಾದ ವಿದೇಶಿ ಹೆಂಗಸಿಗೆ ಪೌರತ್ವದ ಅವಕಾಶ ಕೊಡುತ್ತದೆ. ಪಾಕಿಸ್ತಾನಿ ಹೆಂಗಸನ್ನು ಮದುವೆಯಾದ ವಿದೇಶಿ ಗಂಡಸಿಗೆ ಕೊಡುವುದಿಲ್ಲ. ಇದು ತಾರತಮ್ಯವೆಂದು 2007ರಲ್ಲಿ ಹೇಳಿದ್ದು ಹೊರಗಿನವರಲ್ಲ, ಅಲ್ಲಿನ ಫೆಡರಲ್ ಶರೀಅತ್ ನ್ಯಾಯಾಲಯವೇ. ವಿದೇಶದಲ್ಲಿ ಹುಟ್ಟಿದ ಮಗುವಿಗೆ ತಾಯಿಯ ಕಡೆಯಿಂದ ಪೌರತ್ವ ಬರಬಹುದೆಂದು ಒಪ್ಪಿಕೊಳ್ಳಲು ಭಾರತಕ್ಕೆ 1992ರ ತನಕ, ಪಾಕಿಸ್ತಾನಕ್ಕೆ 2000ದ ತನಕ ಸಮಯ ಹಿಡಿಯಿತು. ಎಷ್ಟೇ ಹಗೆಯಿರಲಿ, ಹೆಣ್ಣು ಗಂಡನ ಹಿಂದೆ ಹೋಗುವವಳು ಎಂಬ ನಂಬಿಕೆಯಲ್ಲಿ ಇಬ್ಬರದೂ ಒಂದೇ ಮನೆತನ.

ಒಳ್ಳೆಯ ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. 2012ರ ಸೆಪ್ಟೆಂಬರ್ 8ರಂದು ಇಸ್ಲಾಮಾಬಾದಿನಲ್ಲಿ ಹೊಸ ವೀಸಾ ಒಪ್ಪಂದವಾಯಿತು. ಭಾರತದ ಪರವಾಗಿ ಸಹಿ ಹಾಕಿದವರು ಆಗ ವಿದೇಶಾಂಗ ಸಚಿವರಾಗಿದ್ದ ನಮ್ಮ ನಾಡಿನ ಎಸ್.ಎಂ. ಕೃಷ್ಣ. ಪಾಕಿಸ್ತಾನದ ಪರವಾಗಿ ರೆಹಮಾನ್ ಮಲಿಕ್. 1974ರ ಒಪ್ಪಂದದ ಜಾಗಕ್ಕೆ ಬಂದ ಇದರಲ್ಲಿ, ಗಡಿಯಾಚೆ ಮದುವೆಯಾದ ಸಂಗಾತಿಗೆ 2 ವರ್ಷಗಳವರೆಗೆ ಹಲವು ಸಲ ಬಂದುಹೋಗುವ ವೀಸಾ ಕೊಡಬಹುದೆಂಬ ಮಾತಿತ್ತು. ಹೋಗಬಹುದಾದ ಊರುಗಳ ಸಂಖ್ಯೆ ಐದಕ್ಕೇರಿತು. ಆದರೂ ವೀಸಾದಲ್ಲಿ ಬರೆದ ಊರಿಗೆ ಮಾತ್ರ ಹೋಗಬೇಕು, ತಲುಪಿದ 24 ಗಂಟೆಗಳೊಳಗೆ ಪೊಲೀಸರ ಮುಂದೆ ಹಾಜರಾಗಬೇಕು ಎಂಬ ನಿಯಮ ಹೆಚ್ಚಿನವರಿಗೆ ಉಳಿಯಿತು. ಕರಾಚಿಯಲ್ಲಿದ್ದ ಭಾರತದ ದೂತಾವಾಸ 1994ರಲ್ಲೇ ಮುಚ್ಚಿದ್ದರಿಂದ ಅರ್ಜಿಯ ಹಣೆಬರಹ ಇಸ್ಲಾಮಾಬಾದಿನಲ್ಲಿ ನಿರ್ಧಾರವಾಗುತ್ತಿತ್ತು. ‘ಕೊಡಬಹುದು’ ಎಂಬ ಶಬ್ದಕ್ಕೂ ‘ಕೊಡಬೇಕು’ ಎಂಬ ಶಬ್ದಕ್ಕೂ ನಡುವೆ ಎಷ್ಟೊಂದು ಸಂಸಾರಗಳು ಕಾದು ಕುಳಿತವು.

ಹೀಗೆ ಕಾದವರು ಕೊನೆಗೆ ಟೆಲಿಫೋನಿನಲ್ಲಿ ನಿಕಾಹ್ ಓದಿಸಿಕೊಂಡರು, ಈಗ ವೀಡಿಯೊ ಕರೆಯಲ್ಲಿ ಓದಿಸಿಕೊಳ್ಳುತ್ತಾರೆ. 2024ರಲ್ಲಿ ಉತ್ತರ ಪ್ರದೇಶದ ಜೌನ್‌ಪುರದ ವರನಿಗೂ ಲಾಹೋರಿನ ವಧುವಿಗೂ ಹಾಗೆಯೇ ನಿಕಾಹ್ ಆಯಿತು. ವಧುವಿನ ಒಪ್ಪಿಗೆ, ಸಾಕ್ಷಿಗಳು, ಮಹರ್ ಇದ್ದರೆ ಧರ್ಮದ ಕರಾರು ಪೂರ್ಣವಾಗುತ್ತದೆ. ಗಂಡ ಹೆಂಡತಿ ಒಂದೇ ಸೂರಿನಡಿ ಇರುವುದು ಮಾತ್ರ ಖಾಜಿಯ ಕೈಯಲ್ಲಿಲ್ಲ.

2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಸತ್ತವರಲ್ಲಿ ನಮ್ಮ ಶಿವಮೊಗ್ಗದವರೂ ಬೆಂಗಳೂರಿನವರೂ ಇದ್ದರು. ಹೆಂಡತಿ ಮಕ್ಕಳ ಕಣ್ಣೆದುರೇ ಗಂಡಸರನ್ನು ಗುಂಡಿಟ್ಟು ಕೊಂದ ಆ ಕ್ರೌರ್ಯಕ್ಕೆ ಯಾವ ಸಮರ್ಥನೆಯೂ ಇಲ್ಲ, ಇರಲೂ ಕೂಡದು. ಮರುದಿನವೇ ಸರಕಾರ ಅಟ್ಟಾರಿ ಗಡಿಯನ್ನು ಮುಚ್ಚುವ ತೀರ್ಮಾನ ಮಾಡಿತು. ಪಾಕಿಸ್ತಾನಿಯರ ವೀಸಾಗಳು ಏಪ್ರಿಲ್ 27ರಿಂದ ರದ್ದಾದವು. ಚಿಕಿತ್ಸೆಗೆ ಬಂದವರಿಗೆ 29ರ ತನಕ ಅವಕಾಶವಿತ್ತು. ದೀರ್ಘಾವಧಿ ವೀಸಾ ಹೊಂದಿದವರಿಗೆ ಇದು ಅನ್ವಯಿಸದೆಂದು ಸರಕಾರ ಸ್ಪಷ್ಟಪಡಿಸಿತು. ಪಾಕಿಸ್ತಾನವೂ ತನ್ನ ಕಡೆಯಿಂದ ಇಂಥದೇ ಕ್ರಮ ಕೈಗೊಂಡಿತು. ಆ ವಾರ ಅಟ್ಟಾರಿಯಲ್ಲಿ ಕಂಡದ್ದು ಪತ್ರಿಕೆಗಳಲ್ಲಿ ಬಂದಿದೆ: ಭಾರತದ ಪಾಸ್‌ಪೋರ್ಟಿನ ತಾಯಿ ಈಚೆ, ಪಾಕಿಸ್ತಾನದ ಪಾಸ್‌ಪೋರ್ಟಿನ ಮಕ್ಕಳು ಆಚೆ. ಮೈಸೂರಿನ ತಾಯಿಯೊಬ್ಬಳ ಪಾಕಿಸ್ತಾನಿ ಪಾಸ್‌ಪೋರ್ಟಿನ ಮಕ್ಕಳ ಪ್ರಶ್ನೆ ನಮ್ಮ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು.

ಜಮ್ಮುವಿನ ಪ್ರಕರಣವಂತೂ ಯೋಚನೆಗೆ ಹಚ್ಚುವಂಥದು. ಅಲ್ಲಿ ಮದುವೆಯಾಗಿ 38 ವರ್ಷ ಬಾಳಿದ, 60 ದಾಟಿದ ಮಹಿಳೆಯನ್ನು ದೀರ್ಘಾವಧಿ ವೀಸಾದ ನವೀಕರಣ ಇನ್ನೂ ಕಡತದಲ್ಲಿರುವಾಗಲೇ ಗಡಿ ದಾಟಿಸಲಾಯಿತು. ಅವರನ್ನು ಮರಳಿ ಕರೆತರಬೇಕೆಂದು ಅಲ್ಲಿನ ಹೈಕೋರ್ಟ್ 2025ರ ಜೂನ್‌ನಲ್ಲಿ ಆದೇಶಿಸಿತು. ಕೊನೆಗೆ, ಸಂದರ್ಶಕ ವೀಸಾ ಕೊಡುವುದಾಗಿ ಸರಕಾರ ನ್ಯಾಯಾಲಯಕ್ಕೆ ತಿಳಿಸಿತು. ಅಷ್ಟಾದರೂ ಆಯಿತಲ್ಲ ಎಂದು ಸಮಾಧಾನಪಡಬಹುದು. ಆದರೆ 38 ವರ್ಷ ಒಲೆ ಹಚ್ಚಿದ ಮನೆಗೆ ಅವರು ಸಂದರ್ಶಕರೇ?

ದೇಶದ ಭದ್ರತೆ ದೊಡ್ಡದು, ಅದರ ಮುಂದೆ ಒಂದಿಷ್ಟು ಕುಟುಂಬಗಳ ಕಷ್ಟ ಸಣ್ಣದು ಎಂದು ಹೇಳುವವರನ್ನು ನಾವು ಹೃದಯಹೀನರೆಂದು ತಳ್ಳಿಹಾಕುವುದಿಲ್ಲ. ಬಾಗಿಲು ಕಾಯುವುದು ಸರಕಾರದ ಕರ್ತವ್ಯ. ವಿದೇಶೀಯರನ್ನು ಹೊರಗೆ ಕಳಿಸುವ ಸರಕಾರದ ಅಧಿಕಾರಕ್ಕೆ ಕಡಿವಾಣವಿಲ್ಲವೆಂದು ಸುಪ್ರೀಂ ಕೋರ್ಟ್ 1955ರಲ್ಲೇ ಹೇಳಿದೆ. ಅಧಿಕಾರಕ್ಕೆ ಆಧಾರವಾಗಿದ್ದ 1946ರ ವಿದೇಶೀಯರ ಕಾಯಿದೆಯ ಜಾಗಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಕಾಯಿದೆ ಬಂದರೂ ಅಧಿಕಾರ ಉಳಿದಿದೆ. ಹಾಗೆಯೇ ಸಂವಿಧಾನದ 21ನೇ ವಿಧಿ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆಯನ್ನು ಪ್ರಜೆಗೆ ಮಾತ್ರ ಕೊಟ್ಟಿಲ್ಲ, ‘ವ್ಯಕ್ತಿ’ಗೆ ಕೊಟ್ಟಿದೆ. ಬಾಂಗ್ಲಾದೇಶದ ಮಹಿಳೆಯೊಬ್ಬರ ಪ್ರಕರಣದಲ್ಲಿ 2000ದಲ್ಲಿ ಅದೇ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅಂದರೆ ಅಧಿಕಾರವೂ ಇದೆ, ಅದನ್ನು ಬಳಸುವ ರೀತಿಯ ಬಗ್ಗೆ ಪ್ರಶ್ನೆಯೂ ಇದೆ.

ಒಂದು ಮನೆಯ ಯಜಮಾನನಿಗೆ ಅಪರಿಚಿತನನ್ನು ಹೊಸ್ತಿಲಲ್ಲೇ ತಡೆಯುವ ಹಕ್ಕಿದೆ. ಆದರೆ ಒಳಗೆ ಕರೆದು, ಕೂರಿಸಿ, ಅಡುಗೆಮನೆಯ ಕೀಲಿಕೈ ಕೊಟ್ಟು, ಮೂವತ್ತು ವರ್ಷ ಅವಳ ಕೈಯಡುಗೆ ಉಂಡ ಮೇಲೆ, ಅವಳ ಊರಿನ ಯಾರೋ ಕಳ್ಳತನ ಮಾಡಿದರೆಂದು ನಡುರಾತ್ರಿ ಹೊರಗೆ ಹಾಕುವ ಹಕ್ಕಿದೆಯೆ? ವೀಸಾ ಕೊಡುವ ಮುನ್ನ ಎಷ್ಟು ಬೇಕಾದರೂ ಪರಿಶೀಲಿಸಲಿ, ಬೇಡವೆನಿಸಿದರೆ ಕಾರಣ ಹೇಳಿ ನಿರಾಕರಿಸಲಿ. ಆದರೆ ವರ್ಷ ವರ್ಷವೂ ಮುದ್ರೆ ಒತ್ತುತ್ತ ಬಂದ ಸರಕಾರ ಆ ಮುದ್ರೆಯ ಜೊತೆ ಒಂದು ಮಾತನ್ನೂ ಕೊಡುತ್ತ ಬಂದಿದೆ. ಆ ಮಾತನ್ನು ನಂಬಿ ಅವಳು ಮಕ್ಕಳನ್ನು ಹೆತ್ತಿದ್ದಾಳೆ, ಶಾಲೆಗೆ ಕಳಿಸಿದ್ದಾಳೆ, ಅತ್ತೆ ಮಾವನ ಕೊನೆಗಾಲ ನೋಡಿಕೊಂಡಿದ್ದಾಳೆ. ಅವಳ ಮೇಲೆಯೇ ಶಂಕೆಯಿದ್ದರೆ ಅವಳನ್ನು ಕರೆದು ಕೇಳಲಿ, ಅವಳ ಉತ್ತರ ಆಲಿಸಲಿ. ಇನ್ಯಾರದೋ ಪಾಪಕ್ಕೆ ಅವಳ ಸಂಬಂಧವನ್ನೇ ಸಾಕ್ಷಿಯೆಂದು ಹಿಡಿಯುವುದು ನ್ಯಾಯವಲ್ಲ. ಈ ಮಾತು ಇಸ್ಲಾಮಾಬಾದಿಗೂ ಅಷ್ಟೇ ಅನ್ವಯಿಸುತ್ತದೆ.

ದೀರ್ಘಾವಧಿ ವೀಸಾದ ನಿಯಮಗಳಲ್ಲಿ ಒಂದು ವರ್ಗವಿದೆ: ಪಾಕಿಸ್ತಾನಿಯನ್ನು ಮದುವೆಯಾಗಿ ಅಲ್ಲಿನ ಪಾಸ್‌ಪೋರ್ಟ್ ಪಡೆದ ಭಾರತೀಯ ಮೂಲದ ಹೆಂಗಸರು, ಗಂಡ ಸತ್ತೋ ವಿಚ್ಛೇದನವಾಗಿಯೋ ಹಿಂದಿರುಗಿದವರು, ಪಾಕಿಸ್ತಾನದಲ್ಲಿ ನೋಡಿಕೊಳ್ಳಲು ಗಂಡು ದಿಕ್ಕಿಲ್ಲದವರು. ಈ ವರ್ಗಕ್ಕೆ ಸೇರಿದ ಒಬ್ಬ ಹಿರಿಯರನ್ನು ನಾವು ಬಲ್ಲೆವು. ತಾವು ಹುಟ್ಟಿದ ಓಣಿಯಲ್ಲೇ, ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಅವರ ವಾಸ. ವೀಸಾದ ಅವಧಿ ಮುಗಿಯುವ ಮೊದಲು ಸೊಸೆಯ ಕೈಹಿಡಿದುಕೊಂಡು ಪೊಲೀಸ್ ಕಚೇರಿಯ ವಿದೇಶೀಯರ ವಿಭಾಗಕ್ಕೆ ಹೋಗುತ್ತಾರೆ. ‘ನಿಮ್ಮ ಊರು ಯಾವುದು ಅಮ್ಮಾ?’ ಎಂದು ಹೊಸದಾಗಿ ಬಂದ ಗುಮಾಸ್ತರು ಕೇಳಿದಾಗ, ‘ಇದೇ ಊರು ಬೇಟಾ, ಬರೆಯುವುದು ಮಾತ್ರ ಕರಾಚಿ ಎಂದು ಬರೆದುಕೊ’ ಎಂದರಂತೆ. ಗುಮಾಸ್ತರು ನಕ್ಕು ಕುರ್ಚಿ ಕೊಟ್ಟರಂತೆ. ಕಾನೂನಿಗೆ ಕಾಣದ್ದು ಕಾನೂನು ನಡೆಸುವವನಿಗೆ ಎಷ್ಟೋ ಸಲ ಕಾಣುತ್ತದೆ. ಆದರೆ ಒಬ್ಬಳ ಬದುಕು ಎದುರಿಗೆ ಕುಳಿತವನ ಒಳ್ಳೆಯತನದ ಮೇಲೆ ನಿಲ್ಲಬೇಕಾಗಿ ಬರುವುದು ಒಳ್ಳೆಯ ಏರ್ಪಾಡಲ್ಲ.

ಮಕ್ಕಳ ವಿಷಯ ಇನ್ನೂ ನಾಜೂಕಿನದು. ವಿದೇಶದಲ್ಲಿ ಹುಟ್ಟಿದ ಮಗುವನ್ನು ಭಾರತೀಯನೆಂದು ನೋಂದಾಯಿಸಬೇಕಾದರೆ ಅದಕ್ಕೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆ ತಾಯಿ ಬರೆದುಕೊಡಬೇಕು. ತೊಟ್ಟಿಲಲ್ಲಿರುವಾಗಲೇ ಅದು ತಂದೆಯ ಅಥವಾ ತಾಯಿಯ ಪಕ್ಷ ಸೇರಬೇಕಾಗುತ್ತದೆ. ಕೇರಳದ ಕಣ್ಣೂರಿನ ಇಬ್ಬರು ಹೆಣ್ಣುಮಕ್ಕಳು ಭಾರತೀಯರಾಗಲೆಂದು 2017ರಲ್ಲಿ ತಮ್ಮ ಪಾಕಿಸ್ತಾನಿ ಪಾಸ್‌ಪೋರ್ಟುಗಳನ್ನು ಒಪ್ಪಿಸಿದರು. ಆಗ ಅವರಿಗೆ 21 ತುಂಬಿರಲಿಲ್ಲವಾದ್ದರಿಂದ ಪೌರತ್ವ ತ್ಯಜಿಸಿದ ಪ್ರಮಾಣಪತ್ರವನ್ನು ಪಾಕಿಸ್ತಾನ ಕೊಡಲಿಲ್ಲ. ಆ ಪತ್ರವಿಲ್ಲದೆ ಭಾರತ ಪೌರತ್ವ ಕೊಡಲಿಲ್ಲ. ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಅವರ ಪರವಾಗಿ ಕೊಟ್ಟ ತೀರ್ಪನ್ನು ವಿಭಾಗೀಯ ಪೀಠ 2025ರಲ್ಲಿ ರದ್ದುಪಡಿಸಿತು. ತಂದೆ ತಾಯಿ ಬೇರೆ ಬೇರೆ ದೇಶದಲ್ಲಿದ್ದರೂ ಇಬ್ಬರ ಸಂಪರ್ಕವೂ ಮಗುವಿನ ಹಕ್ಕು ಎನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಪಾಕಿಸ್ತಾನ 1990ರಲ್ಲಿ, ಭಾರತ 1992ರಲ್ಲಿ ಒಪ್ಪಿಕೊಂಡಿವೆ. ಒಪ್ಪಿದ ಮಾತು ಗಡಿಯ ಗೇಟಿನಲ್ಲಿ ನೆನಪಾಗಬೇಕಷ್ಟೆ.

ಕೊನೆಯದಾಗಿ ನಮ್ಮ ಮನೆಗಳ ಒಳಗಿನ ಮಾತು. ‘ಖಾಂದಾನ್ ಉಳಿಯಬೇಕು, ಆಸ್ತಿ ಹೊರಗೆ ಹೋಗಬಾರದು, ಅಕ್ಕನಿಗೆ ಮಾತು ಕೊಟ್ಟಾಗಿದೆ’ ಎಂದು ಗಡಿಯಾಚೆ ರಿಶ್ತೆ ಕುದುರಿಸುವ ಹಿರಿಯರು ನಮ್ಮಲ್ಲಿದ್ದಾರೆ. ಅವರಿಗೆ ವೀಸಾದ ವಿಷಯ ತಿಳಿಯದೇ ಇಲ್ಲ. ‘ಅಲ್ಲಾಹ್ ದಾರಿ ತೋರಿಸುತ್ತಾನೆ’ ಎಂದು ಅದನ್ನು ಬದಿಗೆ ಸರಿಸುತ್ತಾರೆ. ಮುಂದೆ ದಾರಿ ಕಾಣದಾದಾಗ ಕಣ್ಣೀರು ಹಾಕಬೇಕಾದವಳು ಹುಡುಗಿ. ಹಾಗೆಂದು ಇಂಥ ಮದುವೆಗಳೇ ಬೇಡವೆಂದು ಹೇಳಲು ನಮಗೆ ಮನಸ್ಸು ಬಾರದು. ಎರಡು ರಾಷ್ಟ್ರಗಳ ನಡುವೆ ಮದ್ದುಗುಂಡಿನ ಲೆಕ್ಕ ಬಿಟ್ಟು ಬೇರೇನಾದರೂ ಉಳಿದಿದ್ದರೆ ಅದು ಇಂಥ ಸಂಬಂಧಗಳಿಂದಲೇ. ಸಂಬಂಧ ಬೇಕೆನ್ನುವವರು ಅದರ ಬೆಲೆಯನ್ನೂ ಬಾಯಿಬಿಟ್ಟು ಹೇಳಲಿ ಎಂಬುದಷ್ಟೇ ನಮ್ಮ ಮಾತು.

ಉರ್ದು ಶಾಲೆಯಲ್ಲಿ ರಜೆಯ ಅರ್ಜಿಗೆ ‘ರುಖ್ಸತ್ ಕೀ ದರ್ಖಾಸ್ತ್’ ಎಂದು ಬರೆಯುವುದನ್ನು ನಾವು ಕಲಿತೆವು. ಮದುಮಗಳನ್ನು ಕಳಿಸಿಕೊಡುವುದಕ್ಕೂ ‘ರುಖ್ಸತಿ’ ಎಂದೇ ಹೆಸರು. ರಜೆಯ ಮೇಲೆ ಹೋದವರು ಮರಳಿ ಬರುತ್ತಾರೆಂಬ ಭರವಸೆ ಆ ಶಬ್ದದಲ್ಲಿಯೇ ಇದೆ. ಆ ಭರವಸೆಯನ್ನು ಕಾಪಾಡಲು ಎರಡೂ ಸರಕಾರಗಳು ಮಾಡಬಹುದಾದದ್ದು ಏನೂ ಅಸಾಧ್ಯವಲ್ಲ. ಗಂಡ, ಹೆಂಡತಿ ಮತ್ತು ಮಕ್ಕಳ ವೀಸಾವನ್ನು ಪ್ರವಾಸಿಗರ ವೀಸಾದ ಸಾಲಿನಿಂದ ಬೇರೆ ಮಾಡುವುದು, ಅರ್ಜಿಗೆ ಕಾಲಮಿತಿ ಹಾಕಿಕೊಳ್ಳುವುದು, ಗಡಿ ಮುಚ್ಚಬೇಕಾದ ದಿನದಲ್ಲೂ ಒಂದೇ ಮನೆಯವರನ್ನು ಅಗಲಿಸದಿರುವುದು. ಇದಕ್ಕೆಲ್ಲ ದೆಹಲಿ ಮತ್ತು ಇಸ್ಲಾಮಾಬಾದುಗಳು ಮನಸ್ಸು ಮಾಡಬೇಕು, ಅದಕ್ಕೆ ಎಷ್ಟು ಕಾಲ ಬೇಕೋ. ಆದರೆ ನಿಕಾಹ್‌ನ ದಿನ ವಕೀಲರೂ ಸಾಕ್ಷಿಗಳೂ ಹುಡುಗಿಯ ಬಳಿ ಬಂದು ‘ಒಪ್ಪಿಗೆಯೇ?’ ಎಂದು ಕೇಳುತ್ತಾರಲ್ಲ, ಅದಕ್ಕೂ ಬಹಳ ಮುಂಚೆ, ಏಳು ವರ್ಷಗಳ ಲೆಕ್ಕ, ಮೂವತ್ತು ದಿನಗಳ ವಿನಾಯಿತಿ, ತವರಿನ ಸಾವಿಗೆ ಹೋಗಲಾಗದೆ ಉಳಿಯಬೇಕಾದ ಸಾಧ್ಯತೆ ಎಲ್ಲವನ್ನೂ ಅವಳ ಮುಂದಿಟ್ಟು ಕೇಳಲು ಯಾವ ಸರಕಾರದ ಅನುಮತಿಯೂ ಬೇಕಿಲ್ಲ. ತಿಳಿದು ಕೊಟ್ಟದ್ದಷ್ಟೇ ಒಪ್ಪಿಗೆ. ಅವಳು ‘ಬೇಡ’ ಎಂದರೆ, ಆ ಮಾತನ್ನು ಕೇಳಿಸಿಕೊಳ್ಳುವ ಹಿರಿಯರಾದರೂ ಮನೆಯಲ್ಲಿರಬೇಕು.